ರಿಪೇರಿ ಮಾಡಬಾರದಿದ್ದ ಸೀಟು

ಆ ಸೀಟನ್ನು ಯಾರೂ ಕದ್ದಿರಲಿಲ್ಲ, ಯಾರೂ ಮಾರಿಕೊಂಡಿರಲಿಲ್ಲ. ನನ್ನ ಸೊಸೆ ಅದನ್ನು ರಿಪೇರಿ ಮಾಡಿದ್ದಳು. ಆಗಿದ್ದು ಇಷ್ಟೇ.

ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಇದಕ್ಕೆ ಕೈಕಾಲು ಹಚ್ಚಿ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಪೊಲೀಸರು ಬಂದಿದ್ದರಂತೆ, ಅಂಗಡಿಗೆ ಬೀಗ ಬಿದ್ದಿತ್ತಂತೆ. ಯಾವುದೂ ಇಲ್ಲ. ಕೇಳಿ ಕೇಳಿ ಸಾಕಾಗಿ ನಾನೇ ಬರೆಯಲು ಕುಳಿತಿದ್ದೇನೆ. ನಾನು ಕಲಿತದ್ದು ಮೂರನೆಯ ಇಯತ್ತೆ. ಬರೆಯುವುದು ನಿಧಾನ. ಆದರೆ ಈಗ ಈ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಮೊಬೈಲಿನಲ್ಲಿ ನೋಡಿದರೆ ಎಲ್ಲ ತಿಳಿಯುತ್ತದೆ ಎಂಬ ಭ್ರಮೆ ಇದೆ. ಅವರಾದರೂ ಓದಲಿ.

ನಮ್ಮದು ಕುಶನ್ ಕೆಲಸ. ಗಾಡಿಗಳ ಸೀಟು, ಮೇಲಿನ ಟಾಪು ಹೊಲಿಯುವುದು. ನಾನು ರಾಮದುರ್ಗದ ಕಡೆಯ ಸಾಲಹಳ್ಳಿಯವಳು, ಮದುವೆಯಾಗಿ ಬೈಲಹೊಂಗಲಕ್ಕೆ ಬಂದೆ. ಗಂಡ ಟೆಂಪೋ ಓಡಿಸುತ್ತಿದ್ದ. ಅವನ ಟೆಂಪೋದ ಸೀಟು ಹರಿದು, ಅದನ್ನು ಮನೆಯಲ್ಲಿ ಕೌದಿ ಸೂಜಿಯಿಂದ ನಾನೇ ಹೊಲಿದುಕೊಟ್ಟೆ. ಅದನ್ನು ನೋಡಿ ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿ ಇಟ್ಟುಕೊಂಡಿದ್ದ ದಸ್ತಗೀರ ಚಾಚಾ ಹೇಳಿ ಕಳಿಸಿದ. "ಹೊಲಿಗಿ ಡೊಂಕ ಐತಿ, ಆದ್ರ ಬಿಗಿ ಐತಿ. ಡೊಂಕ ತಿದ್ದಬಹುದು, ಸಡಿಲ ತಿದ್ದಾಕ ಆಗೂದಿಲ್ಲ. ಬಾ ಬೇಟಿ" ಎಂದ. ಹೋದೆ. ಮುಂದೆ ಆ ಅಂಗಡಿ ನನ್ನದೇ ಆಯಿತು. ಹೇಗಾಯಿತು ಎಂಬುದು ಬೇರೆ ಕಥೆ, ಅದರಲ್ಲಿ ಕಲಿಯುವಂಥದ್ದು ಏನೂ ಇಲ್ಲ.

ಚಾಚಾ ಬೈಯುವುದರಲ್ಲಿ ಗಟ್ಟಿಗ. ಸೀಟಿನೊಳಗೆ ತೆಂಗಿನ ನಾರು ತುಂಬುವಾಗ ಒಂದು ಮುಷ್ಟಿ ಕಡಿಮೆಯಾದರೂ ಕೈ ಒತ್ತಿ ಕಂಡುಹಿಡಿಯುತ್ತಿದ್ದ. ಹೊಲಿದ ಸೀಟಿನ ಮೇಲೆ ಹೊಲಿದವರೇ ಮೊದಲು ಕುಳಿತು ನೋಡಬೇಕು, ಹರಿದ ಸೀಟಿನ ಗಾಡಿ ಅಂಗಡಿಯಿಂದ ಹೊರಗೆ ಹೋಗಬಾರದು. ಇವೆರಡು ಅವನ ಕಾನೂನು.

ಅವನೂ ಒಮ್ಮೆ ಕೆಟ್ಟ. ಸವದತ್ತಿಯ ಒಬ್ಬ ಜೀಪಿನವನು ಎಲ್ಲಮ್ಮನ ಗುಡ್ಡಕ್ಕೆ ಮಂದಿಯನ್ನು ಕರೆದೊಯ್ಯುತ್ತಿದ್ದ. ಅವನಿಗೆ ಅವಸರ. ಕ್ಯಾನ್ವಾಸ್ ಬಟ್ಟೆಯನ್ನು ನೀರಲ್ಲಿ ನೆನೆಹಾಕಿ ಒಣಗಿಸಿ ಆಮೇಲೆ ಕತ್ತರಿಸಬೇಕು. ಚಾಚಾ ಆ ದಿನ ಒಣ ಬಟ್ಟೆಯನ್ನೇ ಕತ್ತರಿಸಿ ಟಾಪು ಹೊಲಿದುಕೊಟ್ಟ. ನಗಾರಿಯ ಹಾಗೆ ಬಿಗಿಯಾಗಿ ಚೆಂದ ಕೂತಿತ್ತು. ಗುಡ್ಡದ ಮೇಲೆ ಒಂದು ಮಳೆ ಬಂತು. ಟಾಪು ಕುಗ್ಗಿ ಗುಂಡಿಗಳು ಪಟಪಟ ಕಿತ್ತು ಹಾರಿದವು. ಜೀಪಿನವನು ಟಾಪನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದು, "ಚಾಚಾ, ಇದನ್ನ ನಿನ್ನ ಮೊಮ್ಮಗನಿಗೆ ಅಂಗಿ ಹೊಲಿಸು" ಎಂದು ಕಟ್ಟೆಯ ಮೇಲೆ ಒಗೆದು ಹೋದ. ಅಂದಿನಿಂದ ನಮ್ಮ ಅಂಗಡಿಯಲ್ಲಿ ನೆನೆಯದ ಹತ್ತಿ ಬಟ್ಟೆಗೆ ಕತ್ತರಿ ತಾಗಿಲ್ಲ.

ಇನ್ನು ಆ ಕಾರಿನ ವಿಷಯ.

ನಮ್ಮೂರಲ್ಲಿ ಹತ್ತಿ ವ್ಯಾಪಾರದ ಈರಪ್ಪ ಸಾವುಕಾರರು ಇದ್ದರು. ಅವರ ಹತ್ತಿರ ಒಂದು ಹಳೆಯ, ಟಾಪು ಮಡಚುವ ಸಣ್ಣ ಕಾರಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಿತ್ತೂರಿನ ಕಡೆ ಒಂದು ಹಾಸ್ಯದ ಸಿನಿಮಾ ತೆಗೆಯಲು ಕಂಪನಿಯವರು ಬಂದರು. ಅವರಿಗೆ ಒಂದು ಡಕೋಟಾ ಗಾಡಿ ಬೇಕಿತ್ತು, ಸಾವುಕಾರರ ಕಾರು ಒಪ್ಪಿಗೆಯಾಯಿತು. ಅದರ ಜತೆಗೆ ಒಂದು ವಿಚಿತ್ರ ಕೆಲಸವೂ ಬಂತು. ಹಾಸ್ಯನಟ ಕೂತ ಕೂಡಲೇ ಸೀಟು ಹರಿದು ಒಳಗಿನ ಸ್ಪ್ರಿಂಗು ಮೇಲೆ ಬರಬೇಕು, ಅವನು ಎದ್ದಾಗ ಒಳಗೆ ಹೋಗಬೇಕು. ಬೇಕೆಂದಾಗಲೆಲ್ಲ ಹಾಗೇ ಆಗಬೇಕು.

ಚಾಚಾ ಸಿಟ್ಟಿಗೆದ್ದ. "ಹರದಿದ್ದನ್ನ ಹೊಲಿಯಾಕ ಕುಂತೇನಿ, ಛಲೋ ಇದ್ದದ್ದನ್ನ ಹರಿಯಾಕಲ್ಲ. ಗಂಗವ್ವಾ, ನೀ ಬೇಕಾದ್ರ ಮಾಡು."

ನಾನು ಮಾಡಿದೆ. ಸಿನಿಮಾದಲ್ಲಿ ಎದ್ದು ಕಾಣಲಿ ಎಂದು ಅವರು ಪಟ್ಟಾಪಟ್ಟಿಯ ದಪ್ಪ ಗಾದಿ ಬಟ್ಟೆ ತಂದಿದ್ದರು. ಅದರಿಂದ ಸೀಟು ಹೊಲಿದು, ನಡುವೆ ಅಡ್ಡಡ್ಡ ಹರಿದೆ. ಹರಿದ ಅಂಚಿನ ಎಳೆಗಳನ್ನು ಮೇಲೆ ಬಿಚ್ಚಿ ಬಿಟ್ಟು, ಒಳಗಡೆಯಿಂದ, ಅಂಗಿಯ ಗುಂಡಿ ತೂತಿಗೆ ಹಾಕುವಂಥ ಕಾಜಾ ಹೊಲಿಗೆ ಹಾಕಿದೆ. ನೋಡುವವರಿಗೆ ಹರಕು, ಆದರೆ ಎಷ್ಟು ಸಲ ಸ್ಪ್ರಿಂಗು ಎದ್ದರೂ ಮುಂದೆ ಹರಿಯುವುದಿಲ್ಲ. ಸ್ಪ್ರಿಂಗಿಗೆ ಒಂದು ತಂತಿ. ಹಿಂದೆ ಒಬ್ಬ ಮುದುಡಿಕೊಂಡು ಮಲಗಿ ಆ ತಂತಿ ಜಗ್ಗುತ್ತಿದ್ದ. ನಟ ಹಾರಿ ಬೀಳುತ್ತಿದ್ದ. ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕ್ಯಾಮೆರಾ ನಿಂತ ಮೇಲೆ ಆ ನಟ ಮಾತ್ರ ನಗುತ್ತಿರಲಿಲ್ಲ. ಹರಿದ ಧೋತರ ತಂದು ನನ್ನ ಮುಂದೆ ಇಟ್ಟು, "ಇದನ್ನ ಖರೇನ ಹೊಲೀರಿ ತಾಯಿ" ಎಂದ. ಹೊಲಿದುಕೊಟ್ಟೆ.

ಸಿನಿಮಾ ಓಡಿತು. ನಮ್ಮ ಟಾಕೀಸಿನಲ್ಲಿ ಕಾರು ಬಂದಾಗಲೆಲ್ಲ ಸಿಳ್ಳೆ. ಸಾವುಕಾರರು ಆ ಸೀಟನ್ನು ಹಾಗೇ ಇಟ್ಟುಕೊಂಡರು. ಮನೆಗೆ ಬಂದ ಬೀಗರ ಕೈಯಲ್ಲಿ ಚಹಾದ ಕಪ್ಪು ಕೊಟ್ಟು ಅದರ ಮೇಲೆ ಕೂಡಿಸಿ, ತಾವೇ ತಂತಿ ಜಗ್ಗುತ್ತಿದ್ದರು. ಆ ಮನೆಯ ಸಂಬಂಧ ಬೆಳೆಸಲು ಧೈರ್ಯ ಬೇಕಾಗಿತ್ತು.

ಕಾಲ ಹೋಯಿತು. ನಾರು ಹೋಗಿ ಫೋಮು ಬಂತು. ಬಟ್ಟೆ ಹೋಗಿ ರೆಕ್ಸಿನ್ ಬಂತು. ಕೈ ಸೂಜಿಯ ಕೆಲಸವನ್ನು ಮೋಟಾರಿನ ಮಶಿನ್ ತಿಂದಿತು. ಈಗ ಪ್ಲಾಸ್ಟಿಕ್ ಚೀಲದಲ್ಲಿ ರೆಡಿಮೇಡ್ ಕವರು ಬರುತ್ತವೆ, ದಿಂಬಿಗೆ ಹಾಕಿದ ಹಾಗೆ ಹಾಕಿದರೆ ಮುಗಿಯಿತು. ಒಳ್ಳೆಯದೇ ಆಯಿತು, ನಾರಿನ ಧೂಳು ತಿಂದು ಚಾಚಾ ಕೊನೆಗೆ ಕೆಮ್ಮಿ ಕೆಮ್ಮಿ ಸತ್ತ. ಆ ಕಾಲ ಛಲೋ ಇತ್ತು ಎಂದು ನಾನು ಹೇಳುವುದಿಲ್ಲ. ಆದರೆ ಕೈ ಸೂಜಿ ಕಲಿಯದವರು ಈ ಕೆಲಸಕ್ಕೆ ಬರಬೇಡಿ. ಮಶಿನ್ ಹೋಗದ ಮೂಲೆ ಎಲ್ಲ ಗಾಡಿಯಲ್ಲೂ ಒಂದಿರುತ್ತದೆ.

ಕಣ್ಣು ಮಂಜಾದ ಮೇಲೆ ಅಂಗಡಿಯನ್ನು ಸೊಸೆ ಸುನಂದಾಗೆ ಬಿಟ್ಟೆ. ಮಗ ಲಾರಿ ಮೇಲೆ, ವಾರಗಟ್ಟಲೆ ಊರಲ್ಲಿ ಇರುವುದಿಲ್ಲ. ಸುನಂದಾ ಕೆಲಸ ಕಲಿತದ್ದು ನನ್ನ ಕೈಯಲ್ಲಿ, ಚಾಚಾನ ಕಾನೂನುಗಳ ಸಮೇತ. ಬಿಟ್ಟೆ ಎಂದೆನಲ್ಲ, ಅದು ಬಾಯಿಮಾತು. ದಿನಾ ಬೆಳಿಗ್ಗೆ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕುಳಿತು ಅವಳ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದೆ. ಗಿರಾಕಿಗಳೂ ಅವಳನ್ನು ದಾಟಿ ನನ್ನನ್ನೇ ಕೇಳುತ್ತಿದ್ದರು. ಅವಳು ತಲೆ ತಗ್ಗಿಸಿ ಹೊಲಿಯುತ್ತಿದ್ದಳು.

ಈ ಸಲ ದಸರೆಗೆ ನಾನು ಸಾಲಹಳ್ಳಿಗೆ ತಮ್ಮನ ಮನೆಗೆ ಹೋಗಿದ್ದೆ. ಅದೇ ಹೊತ್ತಿಗೆ ಈರಪ್ಪ ಸಾವುಕಾರರ ಮೊಮ್ಮಗ ಬಸವರಾಜ ಆ ಕಾರನ್ನು ಅಂಗಡಿಗೆ ತಂದು, "ಟಾಪು ಹರದೈತ್ರಿ. ಎಲ್ಲಾ ಛಲೋ ಮಾಡಿ ಇಡ್ರಿ, ಪುಣೇಯವರು ತಗೊಳ್ಳಾಕ ಬರತಾರ" ಎಂದು ಬಿಟ್ಟುಹೋದ. ಸುನಂದಾ ಆ ಸಿನಿಮಾ ನೋಡಿದವಳಲ್ಲ. ಟಾಪು ಹೊಲಿದಳು. ಸೀಟು ನೋಡಿದಳು, ಹರಿದಿದೆ, ಸ್ಪ್ರಿಂಗು ಕಾಣುತ್ತಿದೆ. ಮರುದಿನ ಖಂಡೇಪೂಜೆ, ಅಂದರೆ ಆಯುಧ ಪೂಜೆ. ಅಂಗಡಿಯಲ್ಲಿದ್ದ ಗಾಡಿಗಳೆಲ್ಲ ಪೂಜೆಗೆ ನಿಲ್ಲಬೇಕು, ಹರಿದ ಸೀಟಿನ ಗಾಡಿಗೆ ನಾವು ಕಾಯಿ ಒಡೆಯುವುದಿಲ್ಲ. ಹಳೆಯ ಬಟ್ಟೆ ಬಿಚ್ಚಿ, ಅದರ ಅಳತೆಯ ಮೇಲೆ ನೆನೆದು ಒಣಗಿದ ಹೊಸ ಗಾದಿ ಬಟ್ಟೆ ಕತ್ತರಿಸಿ, ಒಂದು ಸುಕ್ಕೂ ಇಲ್ಲದ ಸೀಟು ಹೊಲಿದಳು. ಪೂಜೆಯ ಮುಂಚೆ ಅಂಗಡಿ ಗುಡಿಸಿ ಚಿಂದಿಯ ಗಂಟನ್ನು ದೊಡವಾಡದ ದ್ಯಾಮವ್ವನಿಗೆ ಕೊಟ್ಟಳು. ನಮ್ಮ ಅಂಗಡಿಯ ಬಟ್ಟೆ ಚೂರೆಲ್ಲ ಪ್ರತಿ ವರ್ಷ ಅವಳು ಹೊಲಿಯುವ ಕೌದಿಗೇ ಹೋಗುವುದು.

ನಾನು ಊರಿಂದ ಬಂದು ಚೀಲ ಕೆಳಗಿಡುವಷ್ಟರಲ್ಲಿ ಬಸವರಾಜ ಅಂಗಡಿಯ ಮುಂದೆ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ.

"ಆಯೀ, ಮುಗೀತ್ರಿ ನನ್ನ ಕಥಿ! ಪುಣೇ ಸಾಹೇಬ್ರು ಸಂಜಿಕ ಬರಾಕ ಹತ್ಯಾರ. ಅವರಿಗೆ ಆ ಹರಕ ಸೀಟ ಬೇಕ್ರಿ!"

"ಹರಕ ಸೀಟ ತಗೊಂಡು ಏನ ಮಾಡತಾನ?"

"ಹಾಸ್ಯ ಸಿನಿಮಾದಾಗಿನ ಕಾರಷ್ಟ ಕೂಡಸ್ತಾರ್ರಿ ಅವರು. ಒಂದರ ಬಾಗಲಾ ತಗದ್ರ ಕೈಗೇ ಬರತೈತಂತ. ಇನ್ನೊಂದರ ಹಾರ್ನ್ ಎಮ್ಮಿ ಒದರಿದಂಗ ಒದರತೈತಂತ. ಹೆಂಗ ಇತ್ತೋ ಹಂಗ ಇರಬೇಕು, ಸರಿ ಮಾಡಿದ್ರ ಬ್ಯಾಡಂತಾರ."

"ಸರಿ ಇಲ್ಲದ್ದ ಬೇಕಾಗಿದ್ರ 'ಎಲ್ಲಾ ಛಲೋ ಮಾಡ್ರಿ' ಅಂತ ಯಾಕ ಒದರಿದಿ?"

ಸುನಂದಾ ಮಶಿನ್ನಿನ ಹಿಂದೆ ನಿಂತಿದ್ದಳು. "ಅತ್ತೀ, ನಾ ಇನ್ನ ಈ ಸೂಜಿ ಮುಟ್ಟೂದಿಲ್ರಿ. ನನ್ನಿಂದ ಈ ಅಂಗಡಿ ಹೆಸರು ಹಾಳಾತು. ಕೀಲಿ ತಗೋರಿ" ಎಂದು ಕೀಲಿಕೈಯ ಗೊಂಚಲು ಚಾಚಿದಳು.

ನನಗೆ ಅಂಜಿಕೆಯಾದದ್ದು ಆಗ. ಕಾರು ಮಾರಿದರೆಷ್ಟು, ಬಿಟ್ಟರೆಷ್ಟು. ಇವಳು ಸೂಜಿ ಬಿಟ್ಟರೆ ಅಂಗಡಿಗೆ ಮತ್ತೊಬ್ಬರಿಲ್ಲ. ನನ್ನ ಕಣ್ಣಿಗೆ ದಾರ ಪೋಣಿಸಲೂ ಬರುವುದಿಲ್ಲ. ಕೀಲಿ ಮುಟ್ಟಲಿಲ್ಲ.

ಬಸವರಾಜ ದಾರಿ ಹುಡುಕಿದ. "ಆಯೀ, ಅದನ್ನ ಮೊದಲ ಹೊಲದವರು ನೀವ. ಇನ್ನೊಂದು ಹಂಗ ಹೊಲದು, ಹರದು ಕೊಟ್ಟಬಿಡ್ರಿ. ಯಾರಿಗೆ ತಿಳೀತೈತಿ?"

"ನನಗ ತಿಳೀತೈತಿ. ಕಾರ ಹೊರಗ ತಗಿ. ದೊಡವಾಡಕ್ಕ ನಡಿ."

ಸ್ಪ್ರಿಂಗು ಅಂಗಡಿಯ ಕಬ್ಬಿಣದ ಡಬ್ಬಿಯಲ್ಲೇ ಸಿಕ್ಕಿತು. ಬೇಕಾದದ್ದು ದ್ಯಾಮವ್ವನ ಗಂಟಿಗೆ ಹೋದ ಬಟ್ಟೆ. ಅವಸರಕ್ಕೆ ಒಂದು ಕಾರಣವಿತ್ತು. ಕೌದಿಯನ್ನು ಅಂಚಿನಿಂದ ಸುತ್ತು ಹಾಕಿಕೊಂಡು ಒಳಗೆ ಹೊಲಿಯುತ್ತ ಬರುತ್ತಾರೆ. ಕೊನೆಗೆ ನಡುವೆ ಅಂಗೈಯಷ್ಟು ಜಾಗ ಉಳಿದಾಗ ಅದರೊಳಗೆ ರೊಟ್ಟಿಯ ಚೂರು, ಬೆಲ್ಲ ಇಟ್ಟು ಮುಚ್ಚಿ ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತೇವೆ. ಹೊದೆಯುವವರು ಹಸಿದು ಮಲಗಬಾರದು ಎಂದು ಈ ಪದ್ಧತಿ. ಹೊಟ್ಟೆ ತುಂಬಿದ ಕೌದಿಯನ್ನು ಮುಂದೆ ಯಾರೂ ಬಿಚ್ಚುವುದಿಲ್ಲ. ಹರಿದರೆ ಮೇಲೆ ತೇಪೆ ಹಾಕುತ್ತಾರೆ, ಬಿಚ್ಚುವುದಿಲ್ಲ. ದ್ಯಾಮವ್ವನಂತೂ ಕತ್ತು ಕೊಟ್ಟಾಳು, ಬಿಚ್ಚಲಾರಳು. ನಾನೂ ಅವಳನ್ನು ಕೇಳಲಾರೆ.

ಬಸವರಾಜ ಬಸ್ಸಿಗೆ ಬಂದಿದ್ದ, ಬೇರೆ ಗಾಡಿ ಇರಲಿಲ್ಲ. ಆ ಸಿನಿಮಾದ ಕಾರಿನಲ್ಲೇ ಹೊರಟೆವು. ಬೈಲಹೊಂಗಲ ದಾಟುವಷ್ಟರಲ್ಲಿ ಎರಡು ಸಲ ನಿಂತಿತು. ಸುನಂದಾ ಇಳಿದು ನೂಕಿದಳು. ಟ್ರ್ಯಾಕ್ಟರಿನ ಮೇಲೆ ಗೋವಿನಜೋಳದ ಚೀಲ ಹೇರಿಕೊಂಡು ಹೊರಟಿದ್ದ ಒಬ್ಬ ಕೇಳಿದ: "ಆಯೀ, ಯಾವ ಸಿನಿಮಾ?"

"ನಿಮ್ಮಪ್ಪನ ಮದಿವಿ ಸಿನಿಮಾ. ದಾರಿ ಬಿಡು."

ದೊಡವಾಡದಲ್ಲಿ ದ್ಯಾಮವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಕೌದಿ ಹರಡಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ತಾಟು. ತಾಟಿನಲ್ಲಿ ರೊಟ್ಟಿ, ಬೆಲ್ಲ.

"ಬಾರಬೇ ಗಂಗವ್ವಾ! ಹೊಟ್ಟಿ ತುಂಬೂ ಹೊತ್ತಿಗೆ ಸರಿಯಾಗಿ ಬಂದಿ ನೋಡು."

"ತುಂಬೀಯೇನ?"

"ಎಲ್ಲೀದು! ಮಗಳ ಕೈಲೇ ಇಡಸಬೇಕಂತ ಕಾಯಾಕ ಹತ್ತೇನಿ. ಆಕಿ ಕೂಸಿಗೆ ಎರಿಯಾಕ ಕುಂತ್ರ ಹಂಡೆ ನೀರ ಮುಗಿಯೂಮಟ ಏಳೂದಿಲ್ಲ."

ಹಿತ್ತಲಿನಿಂದ ಕೂಸಿನ ಅಳು ಕೇಳುತ್ತಿತ್ತು. ಅಷ್ಟು ಚೆಂದದ ಅಳುವನ್ನು ನಾನು ನನ್ನ ಮಕ್ಕಳ ಬಾಯಲ್ಲೂ ಕೇಳಿರಲಿಲ್ಲ. ಕಟ್ಟೆಯ ಮೇಲೆ ದೊಪ್ಪನೆ ಕುಳಿತೆ.

"ಏನಾತಬೇ? ಯಾರರ ಸತ್ತಾರೇನ?"

"ಯಾರೂ ಸತ್ತಿಲ್ಲ. ನಮ್ಮ ಗಂಟಿನ್ಯಾಗ ಪಟ್ಟಾಪಟ್ಟಿ ಬಟ್ಟಿ ಇತ್ತಲ್ಲ, ಹರದಿದ್ದು, ಅದು ಬೇಕು."

"ಅದು ಇದರೊಳಗ ಹೋಗೇತಿ. ನಡು ಪದರ. ಕೊಟ್ಟದ್ದನ್ನ ಬೇಡಾಕ ಬಂದೀಯಲ್ಲ, ನಾಳಿ ನಾ ಉಂಡ ರೊಟ್ಟೀನೂ ಬೇಕಂತಿ."

ಬಸವರಾಜ ಮುಂದೆ ಬಂದ. "ಅಮ್ಮಾರ, ಅದು ಸಿನಿಮಾದಾಗಿನ ಬಟ್ಟಿ ಐತ್ರಿ."

"ಸಿನಿಮಾದಾಗಿಂದು ಆದ್ರ ಹರಕ್ಯಾಕ ಇತ್ತಪಾ? ಅವರಿಗೆ ಒಂದು ಛಲೋ ಬಟ್ಟಿ ಸಿಗಲಿಲ್ಲೇನ? ನಾನ ಪಾಪ ಅಂತ ಆ ಹರಕಿಗೆ ಹೊಲಿಗಿ ಹಾಕೇನಿ."

ಬಸವರಾಜ ಅಲ್ಲೇ ಕೂತುಬಿಟ್ಟ.

"ಕತ್ತರಸೀಯೇನ ಅದನ್ನ?" ಎಂದೆ.

"ಇಲ್ಲ. ಅಗಲ ಇತ್ತು, ಇಡೀದ ಹಾಸೇನಿ."

ದ್ಯಾಮವ್ವ ನನ್ನ ಮುಖ ನೋಡಿದಳು, ಸುನಂದಾಳ ಮುಖ ನೋಡಿದಳು. ಜಗಳಗಂಟಿಯೇ ಹೊರತು ಕೆಟ್ಟವಳಲ್ಲ. "ಹೊಟ್ಟಿ ಖಾಲಿ ಐತಿ, ಬಿಚ್ಚತೇನಿ. ಆದ್ರ ಮಗಳು ನಾಳಿ ಕಿತ್ತೂರಿಗೆ ಗಂಡನ ಮನಿಗೆ ಹೊಂಟಾಳ. ಥಂಡಿ ಬಿದ್ದೈತಿ, ಬಾಣಂತಿ. ಇಷ್ಟ ದಪ್ಪನ ಬಟ್ಟಿ ಈಗಿಂದೀಗ ಬೇಕು. ಅಂಗಡ್ಯಾನ ಹೊಸಾದು ತರಬ್ಯಾಡ, ಒಗದ ಮ್ಯಾಲ ಕುಗ್ಗಿ ಕೌದಿ ಸುರುಟತೈತಿ. ನೀರ ಕಂಡ ಬಟ್ಟಿ ಬೇಕು."

ಅಂಥ ಬಟ್ಟೆ ಆ ಊರಿನಲ್ಲಿ ಎಲ್ಲಿಂದ ತರುವುದು ಎಂದು ನಾನು ಯೋಚಿಸುತ್ತಿರುವಾಗಲೇ ಕಾರಿನ ಬಾಗಿಲು ತೆಗೆದ ಸದ್ದಾಯಿತು. ಸುನಂದಾ ಸೀಟನ್ನು ಕಿತ್ತು ತಂದು ಕಟ್ಟೆಯ ಮೇಲೆ ಇಟ್ಟು, ತಾನು ಹೊಲಿದ ಹೊಸ ಬಟ್ಟೆಯ ಹೊಲಿಗೆಯನ್ನು ಕಚಕಚ ಬಿಚ್ಚತೊಡಗಿದ್ದಳು. ನೀರು ಕಂಡ ಬಟ್ಟೆ. ದಪ್ಪವೂ ಅಷ್ಟೇ.

ದ್ಯಾಮವ್ವ ಅದರ ಅಂಚಿನ ಮೇಲೆ ಬೆರಳು ಎಳೆದಳು. "ಇದು ಯಾರ ಕೈ ಹೊಲಿಗಿ?"

"ನಂದ ರೀ."

"ಇಷ್ಟ ಛಲೋ ಹೊಲದಿದ್ದನ್ನ ಬಿಚ್ಚಾಕ ನಿನಗ ಕೈ ಹೆಂಗ ಬರತೈತಿ?"

"ನಿಮಗ ಹೆಂಗ ಬರತೈತಿ, ಹಂಗ ರೀ."

ದ್ಯಾಮವ್ವ ಗಹಗಹಿಸಿ ನಕ್ಕಳು. ಇಬ್ಬರೂ ಎದುರುಬದುರು ಕುಳಿತು ತಂತಮ್ಮ ಹೊಲಿಗೆ ತಾವೇ ಬಿಚ್ಚಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹಳೆಯ ಬಟ್ಟೆ ಹೊರಗೆ ಬಂತು. ದ್ಯಾಮವ್ವ ಹರಕಿಗೆ ಹಾಕಿದ್ದ ಹೊಲಿಗೆಯನ್ನೂ ಸುನಂದಾ ಒಂದೊಂದೇ ಎಳೆಯಾಗಿ ತೆಗೆದಳು. ಕೆಳಗೆ ನನ್ನ ಕಾಜಾ ಹೊಲಿಗೆ ಹಾಗೇ ಇತ್ತು. ಅವಳು ಅದನ್ನು ತಿರುವಿ ನೋಡಿ, "ಇದನ್ನ ನಾ ಮೊದಲ ನೋಡಬೇಕಿತ್ತು" ಎಂದಳು. ನಾನು ಹೂಂ ಎಂದೆ. ಸಮಾಧಾನ ಹೇಳುವ ರೂಢಿ ನನಗಿಲ್ಲ.

ಅಂಗಡಿಗೆ ವಾಪಸು ಬಂದು ಸುನಂದಾ ಹಳೆಯ ಬಟ್ಟೆ, ಸ್ಪ್ರಿಂಗು, ತಂತಿ ಎಲ್ಲವನ್ನೂ ಸೀಟಿಗೆ ಹಚ್ಚಿದಳು. ಪುಣೆಯ ಸಾಹೇಬರು ಹೇಳಿದ ಹಾಗೆ ಸಂಜೆ ಬಂದರು. ನಿಪ್ಪಾಣಿಯ ಕಡೆ ಹುಟ್ಟಿದವರಂತೆ, ಮರಾಠಿ ಬೆರೆಸಿ ಕನ್ನಡ ಮಾತಾಡಿದರು. ನನಗಿಂತ ಹತ್ತು ಹನ್ನೆರಡು ವರ್ಷ ಸಣ್ಣವರು. ಟಾಪು ನೋಡಿದರು, ಬಾಗಿಲು ನೋಡಿದರು. ಸೀಟಿನ ಮುಂದೆ ಬಗ್ಗಿ ಬಹಳ ಹೊತ್ತು ನಿಂತರು.

"ಈ ಸೀಟ ತಗದಿದ್ರೇನ್ರಿ?"

ಬಸವರಾಜ ಬಾಯಿ ತೆಗೆದ. "ಇಲ್ರಿ ಸಾಹೇಬ್ರ, ಅದಕ್ಕ ಯಾರೂ ಕೈ..."

"ತಗದಿದ್ದೆ ರೀ" ಎಂದಳು ಸುನಂದಾ. "ಹರದೈತಂತ ತಿಳದು ಹೊಸಾದು ಮಾಡಿದ್ದೆ. ಅದ ಬೇಕು ಅಂತ ಆಮ್ಯಾಲ ಗೊತ್ತಾತು. ಹಳೇದು ಕೌದ್ಯಾಗ ಹೋಗಿತ್ತು, ಬಿಚ್ಚಿಸಿ ತಂದು ಹಚ್ಚೇನಿ. ಬಟ್ಟಿ ಅದರದ, ಹರಕ ಅದರದ. ಸುತ್ತ ಅಂಚಿನ ದಾರ ಮಾತ್ರ ಹೊಸಾದು. ಬ್ಯಾಡಂದ್ರ ಈಗ ಹೇಳ್ರಿ."

ಬಸವರಾಜ ಕಣ್ಣು ಮುಚ್ಚಿಕೊಂಡ. ಸಾಹೇಬರು ಹರಕಿನೊಳಗೆ ಬೆರಳು ಹಾಕಿ ನೋಡಿದರು. ಆಮೇಲೆ ಧೋತರ ಸರಿಮಾಡಿಕೊಳ್ಳುವವರ ಹಾಗೆ ಪ್ಯಾಂಟು ಮೇಲೆಳೆದುಕೊಂಡು, ಸೀಟಿನ ಮೇಲೆ ಮೆಲ್ಲಗೆ ಕುಳಿತರು. ಸುನಂದಾ ತಂತಿ ಜಗ್ಗಿದಳು.

ಅವರು ಹಾರಿದ ಎತ್ತರಕ್ಕೆ ಟಾಪು ಮಡಚಿಟ್ಟದ್ದು ಒಳ್ಳೆಯದಾಯಿತು. ಕೆಳಗಿಳಿದು, ಹಿಂಬದಿ ಉಜ್ಜಿಕೊಳ್ಳುತ್ತ, ಉಸಿರು ಸಿಕ್ಕಿಕೊಳ್ಳುವ ಹಾಗೆ ನಕ್ಕರು. "ಅದ! ಅದ!" ಎಂದರು, ಮತ್ತೆ ಕುಳಿತರು, ಮತ್ತೆ ಹಾರಿದರು. ಚಿಕ್ಕವರಿದ್ದಾಗ ಯಾರ ಜತೆ ಆ ಸಿನಿಮಾ ನೋಡಿದ್ದರೆಂದು ಏನೇನೋ ಹೇಳತೊಡಗಿದರು. ನಾನು ಕೇಳಿಸಿಕೊಳ್ಳಲಿಲ್ಲ. ಸುನಂದಾಳನ್ನು ನೋಡುತ್ತಿದ್ದೆ. ಬೆಳಗಿನಿಂದ ಅವಳ ಭುಜ ಕಿವಿಯ ತನಕ ಏರಿತ್ತು, ಈಗ ಕೆಳಗಿಳಿದಿತ್ತು.

ಹೊರಡುವಾಗ ಸಾಹೇಬರು ನನ್ನ ಕಡೆ ತಿರುಗಿದರು. "ಮಾವಶಿ, ನನ್ನ ಹತ್ತರ ಇನ್ನೊಂದು ಗಾಡಿ ಅದ. ಅದರ ಟಾಪಿನ್ಯಾಗ ಛತ್ರಿ ತೂರಸೂ ಸೀನ್ ಅದ. ಆ ಕಿಂಡಿ ಹಂಗ ಇರಬೇಕು, ಆದ್ರ ಇನ್ನಷ್ಟು ಹರೀಬಾರದು. ಆಗ್ತದೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಸುನಂದಾ ಹೇಳಿದಳು: "ಗಾಡಿ ತಗೊಂಡು ಬರ್ರಿ. ನೋಡಿದ ಮ್ಯಾಲ ಹೇಳತೇನಿ."

ಚಾಚಾ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದ. ನಾನಾಗಿದ್ದರೆ ಆಸೆಗೆ ಬಿದ್ದು "ಆಗತೈತಿ" ಎಂದುಬಿಡುತ್ತಿದ್ದೆನೋ ಏನೋ. ರಾತ್ರಿ ಊಟ ಸೇರಿತು. ಹಾಸಿಗೆಗೆ ಬಿದ್ದದ್ದೊಂದೇ ನೆನಪು.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಬಿಸಿಲು ಹೊಸ್ತಿಲು ದಾಟಿತ್ತು. ಸುನಂದಾ ಅಂಗಡಿಗೆ ಹೋಗಿಯಾಗಿತ್ತು. ಚಹಾ ಕುಡಿಯುತ್ತಿರುವಾಗ ಟ್ರ್ಯಾಕ್ಟರಿನ ಸೀಟು ಹೊತ್ತುಕೊಂಡು ಒಬ್ಬ ಮನೆಗೇ ಬಂದ. "ಆಯೀ, ಇದನ್ನ ನೀವ ನೋಡಿ ಹೇಳಬೇಕ್ರಿ" ಎಂದ.

"ನನ್ನ ಕೇಳಬ್ಯಾಡ. ಅಂಗಡ್ಯಾಗ ಮಾಲಕರು ಅದಾರ, ಹೋಗಿ ಕೇಳು" ಎಂದು ಕಳಿಸಿದೆ. ಆಮೇಲೆ ಬಾಗಿಲು ಮುಂದೆ ಮಾಡಿ, ತಲೆಗೆ ಎಣ್ಣೆ ಹಚ್ಚಿಕೊಂಡು, ನೀರು ಕಾಯುವ ತನಕ ಹಿತ್ತಲ ಬಿಸಿಲಿನಲ್ಲಿ ಕಾಲು ಚಾಚಿ ಕುಳಿತೆ.